‘ಪಿ’ಯಲ್ಲೇ ಸಿಕ್ಕಿಕೊಂಡ ಕಾರು

ಬೆಳಗಿನ ಏಳು ಗಂಟೆ. ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಇಕ್ಕಟ್ಟಾದ ಓಣಿ. ನೀರಿನ ಟ್ಯಾಂಕರ್ ಓಣಿಯ ಬಾಯಿಗೆ ಬಂದು ಹಾರ್ನ್ ಹೊಡೆಯುತ್ತಿದೆ. ಸಂಪಿನ ಮುಚ್ಚಳ ತೆಗೆದಿಟ್ಟು ಮನೆಮಂದಿ ಕಾಯುತ್ತಿದ್ದಾರೆ. ನಡುವೆ ಅಡ್ಡಲಾಗಿ ಒಂದು ಕಾರು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ, ಮಂಡಿನೋವಿನ ಅಪ್ಪನಿಗೆ ಕ್ಲಚ್ ತುಳಿಯುವ ಕಷ್ಟ ಬೇಡವೆಂದು ತಂದು ಬಿಟ್ಟುಹೋದ ಆಟೊಮ್ಯಾಟಿಕ್ ಗಾಡಿ. ವಾರಗಟ್ಟಲೆಯಿಂದ ಜಾಗ ಬಿಟ್ಟು ಕದಲಿಲ್ಲ. ಕೀ ತಿರುಗಿಸಿದರೆ ಸದ್ದಿಲ್ಲ, ಮೀಟರಿನ ದೀಪವೂ ಹತ್ತುವುದಿಲ್ಲ.

‘ಬ್ಯಾಟರಿ ಡೌನ್ ಆಗಿದೆ ಅಂಕಲ್. ನ್ಯೂಟ್ರಲ್‌ಗೆ ಹಾಕಿ, ತಳ್ಳಿ ಪಕ್ಕಕ್ಕೆ ಬಿಡೋಣ’ ಎನ್ನುತ್ತಾನೆ ಪಕ್ಕದ ಮನೆ ಹುಡುಗ. ನಾಲ್ಕು ಜನ ಹಿಂದೆ ಕೈಕೊಟ್ಟು ನಿಲ್ಲುತ್ತಾರೆ. ಒಳಗೆ ಕೂತವರು ಗೇರ್ ಲಿವರನ್ನು ಎಳೆಯುತ್ತಾರೆ, ಅದು ಬರುವುದಿಲ್ಲ. ಬಟನ್ ಒತ್ತಿ ಎಳೆದರೂ ಇಲ್ಲ, ಬ್ರೇಕ್ ತುಳಿದು ಎಳೆದರೂ ಇಲ್ಲ. ‘ಪಿ’ ಅಕ್ಷರದ ಮುಂದೆ ಲಿವರ್ ಎರಕ ಹೊಯ್ದಂತೆ ನಿಂತಿದೆ. ‘ಗೇರ್‌ಬಾಕ್ಸೇ ಹೋಗಿದೆ’ ಎಂದು ಒಬ್ಬರು, ‘ಹಿಂದಿನಿಂದ ಎತ್ತಿ ಸರಿಸೋಣ’ ಎಂದು ಇನ್ನೊಬ್ಬರು.

ಬಂಗಾರಪೇಟೆ ಜಂಕ್ಷನ್ನಿನ ಬಳಿ ಕಾರು ನಿಲ್ಲಿಸಿ ಚೆನ್ನೈ ಕಡೆಗೆ ಮದುವೆಗೋ ಆಸ್ಪತ್ರೆಗೋ ಹೋಗಿ, ನಾಲ್ಕಾರು ದಿನ ಬಿಟ್ಟು ರಾತ್ರಿ ರೈಲಿಳಿದವರಿಗೂ ಇದೇ ಅನುಭವ ಆಗುವುದುಂಟು. ಒಳಗಿನ ದೀಪ ಆರಿಸದೆ ಹೋಗಿದ್ದರೆ ಬ್ಯಾಟರಿ ಬರಿದಾಗಲು ಒಂದೆರಡು ದಿನ ಸಾಕು. ಗಾಡಿ ಕೆಟ್ಟಿದೆ ಎಂದೇ ಎಲ್ಲರಿಗೂ ಅನಿಸುತ್ತದೆ. ನಿಜವಾಗಿ ಅದು ಕೆಟ್ಟಿಲ್ಲ. ಕರೆಂಟ್ ಇಲ್ಲದಾಗ ಏನು ಮಾಡಬೇಕೆಂದು ಅದಕ್ಕೆ ಹೇಳಿಕೊಟ್ಟಿದ್ದಾರೋ ಅದನ್ನೇ ಮಾಡುತ್ತಿದೆ. ಆ ಹಿಡಿತವನ್ನು ಕೈಯಿಂದಲೇ ಬಿಡಿಸುವ ದಾರಿಯನ್ನೂ ತಯಾರಿಸಿದವರೇ ಇಟ್ಟಿರುತ್ತಾರೆ. ಬಹಳಷ್ಟು ಕಾರುಗಳಲ್ಲಿ ಅದು ಲಿವರಿನಿಂದ ಎರಡು ಬೆರಳಿನ ದೂರದಲ್ಲಿ, ನಮ್ಮ ಕಣ್ಣೆದುರಿಗೇ ಇರುತ್ತದೆ.

ಎರಡು ಬೀಗ, ಒಂದೇ ಲಿವರ್

ಮ್ಯಾನುಯಲ್ ಗೇರಿನ ಕಾರಿನಲ್ಲಿ ಲಿವರಿಗೂ ಬ್ಯಾಟರಿಗೂ ಸಂಬಂಧವಿಲ್ಲ. ಬ್ಯಾಟರಿಯನ್ನೇ ಬಿಚ್ಚಿಟ್ಟರೂ ಲಿವರ್ ನ್ಯೂಟ್ರಲ್ಲಿಗೆ ಬರುತ್ತದೆ. ಅಂಬಾಸಡರ್ ಕಾಲದಿಂದ ನಮಗೆ ರೂಢಿಯಾಗಿರುವುದು ಇದೇ. ಆಟೊಮ್ಯಾಟಿಕ್‌ನಲ್ಲಿ ಲೆಕ್ಕ ಬೇರೆ.

ಲಿವರನ್ನು ‘ಪಿ’ಗೆ, ಅಂದರೆ ಪಾರ್ಕಿಂಗಿಗೆ ಹಾಕಿದಾಗ ಗೇರ್‌ಬಾಕ್ಸಿನೊಳಗೆ ಒಂದು ಉಕ್ಕಿನ ಕೊಕ್ಕೆ ಕೆಳಗಿಳಿದು, ಚಕ್ರಗಳಿಗೆ ಜೋಡಿಸಿಕೊಂಡ ಹಲ್ಲಿನ ಗಾಲಿಯ ಸಂದಿಯಲ್ಲಿ ಕೂರುತ್ತದೆ. ಚಕ್ರ ಉರುಳದಂತೆ ತಡೆಯುವುದು ಇದೇ. ಇದರಲ್ಲಿ ವಿದ್ಯುತ್ತಿನ ಕೆಲಸವೇನೂ ಇಲ್ಲ. ಲಿವರಿನಿಂದ ಗೇರ್‌ಬಾಕ್ಸಿನವರೆಗೆ ಒಂದು ಉಕ್ಕಿನ ಕೇಬಲ್ ಹೋಗಿರುತ್ತದೆ. ಲಿವರ್ ‘ಎನ್’ಗೆ ಬಂದರೆ ಕೊಕ್ಕೆ ಮೇಲೇಳುತ್ತದೆ, ಕಾರು ಉರುಳುತ್ತದೆ.

ತಡೆ ಇರುವುದು ಇನ್ನೊಂದು ಕಡೆ, ಲಿವರಿನ ಬುಡದಲ್ಲಿ. ಅಲ್ಲೊಂದು ಸಣ್ಣ ಅಗುಳಿ ಇದೆ. ಅದನ್ನು ಸರಿಸುವುದು ಸೊಲೆನಾಯ್ಡ್, ಅಂದರೆ ಕರೆಂಟ್ ಹರಿದಾಗ ಅಯಸ್ಕಾಂತವಾಗುವ ತಂತಿಸುರುಳಿ. ಇಗ್ನಿಷನ್ ಆನ್ ಆಗಿ, ಬ್ರೇಕ್ ಪೆಡಲ್ ಮೇಲೆ ಕಾಲಿದೆ ಎಂಬ ಸೂಚನೆ ಬಂದಾಗ ಮಾತ್ರ ಅದಕ್ಕೆ ಕರೆಂಟ್ ಸಿಗುತ್ತದೆ. ಆಗ ಅಗುಳಿ ಸರಿಯುತ್ತದೆ, ಲಿವರ್ ‘ಪಿ’ಯಿಂದ ಹೊರಬರುತ್ತದೆ. ದಿನವೂ ಸ್ಟಾರ್ಟ್ ಮಾಡಿ ಬ್ರೇಕ್ ಒತ್ತಿದಾಗ ಲಿವರಿನ ಕೆಳಗೆ ಕೇಳುವ ‘ಟಕ್’ ಸದ್ದು ಇದರದ್ದೇ. ಬ್ಯಾಟರಿ ಪೂರ್ತಿ ಬರಿದಾದರೆ ಸೊಲೆನಾಯ್ಡಿಗೆ ಜೀವವಿಲ್ಲ, ಅಗುಳಿ ಇದ್ದಲ್ಲೇ ಇರುತ್ತದೆ. ಮೈಯ ಬಲವನ್ನೆಲ್ಲ ಹಾಕಿ ಎಳೆದರೆ ಲಿವರಿನ ಪ್ಲಾಸ್ಟಿಕ್ ಭಾಗವೋ ಅಗುಳಿಯೋ ಮುರಿಯಬಹುದು.

ಈ ಅಗುಳಿ ಆಟೊಮ್ಯಾಟಿಕ್ ಕಾರಿನ ಜೊತೆಗೇ ಹುಟ್ಟಿದ್ದಲ್ಲ. ಅಮೆರಿಕದಲ್ಲಿ 1980ರ ದಶಕದಲ್ಲಿ ಆಡಿ 5000 ಕಾರುಗಳು ನಿಂತಲ್ಲಿಂದ ಇದ್ದಕ್ಕಿದ್ದಂತೆ ನುಗ್ಗುತ್ತವೆ ಎಂಬ ದೂರು ದೊಡ್ಡ ಗದ್ದಲವಾಯಿತು. 1987ರಲ್ಲಿ ಆ ಕಾರುಗಳನ್ನು ವಾಪಸ್ ಕರೆಸಿ, ಬ್ರೇಕ್ ತುಳಿಯದೆ ‘ಪಿ’ಯಿಂದ ಲಿವರ್ ಹೊರಬರದಂತೆ ಬೀಗ ಕೂರಿಸಲಾಯಿತು. 1989ರಲ್ಲಿ ಅಲ್ಲಿನ ಸರ್ಕಾರಿ ಸುರಕ್ಷತಾ ಸಂಸ್ಥೆ ತನಿಖೆ ಮುಗಿಸಿ, ಇಂಥ ಬಹುಪಾಲು ಘಟನೆಗಳಲ್ಲಿ ಚಾಲಕರು ಬ್ರೇಕೆಂದುಕೊಂಡು ಆಕ್ಸಿಲರೇಟರ್ ತುಳಿದಿದ್ದರು ಎಂದಿತು. ಆ ತಪ್ಪನ್ನು ಈ ಅಗುಳಿ ತಡೆಯುತ್ತದೆ. ನಿಂತ ಕಾರಿನಲ್ಲಿ ಆಡುವ ಮಗು ಲಿವರ್ ಎಳೆದು, ಕಾರು ಇಳಿಜಾರಿನಲ್ಲಿ ಉರುಳುವುದನ್ನೂ ತಡೆಯುತ್ತದೆ. ಮಕ್ಕಳ ಸಾವುನೋವುಗಳೇ ಕಾರಣವಾಗಿ ಅಮೆರಿಕದಲ್ಲಿ 2010ರ ಸೆಪ್ಟೆಂಬರ್ 1ರಿಂದ ತಯಾರಾಗುವ ಆಟೊಮ್ಯಾಟಿಕ್ ಕಾರುಗಳಿಗೆ ಇದು ಕಾನೂನಿನಿಂದಲೇ ಕಡ್ಡಾಯವಾಯಿತು. ಜಗತ್ತಿನ ಕಂಪನಿಗಳು ಒಂದೇ ನಮೂನೆಯ ಗೇರ್‌ಬಾಕ್ಸುಗಳನ್ನು ಹಲವು ದೇಶಗಳಲ್ಲಿ ಮಾರುವುದರಿಂದ ನಮ್ಮ ಓಣಿಯ ಕಾರಿನಲ್ಲೂ ಅದು ಇದೆ.

ಕರೆಂಟ್ ಹೋದರೆ ಹಿಡಿದುಕೊಳ್ಳಬೇಕು

ಬ್ಯಾಟರಿ ಹೋದರೆ ಬೀಗ ತಾನಾಗಿ ಬಿಡುವಂತೆ ಮಾಡಬಹುದಿತ್ತಲ್ಲ ಎಂಬ ಪ್ರಶ್ನೆ ಸಹಜ. ಇದಕ್ಕೆ ಉತ್ತರ ಚಿನ್ನದ ಗಣಿಗಳ ಊರಾದ ಕೆಜಿಎಫ್‌ನ ಹಳೆಯ ತಲೆಗಳಿಗೆ ಚೆನ್ನಾಗಿ ಗೊತ್ತು.

ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗಿತ್ತು. ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿಯಲ್ಲಿ 1902ರಲ್ಲೇ ವಿದ್ಯುತ್ ಬಂದ ಊರಿದು. ಜನರನ್ನೂ ಅದಿರನ್ನೂ ಮೇಲೆ ಕೆಳಗೆ ಸಾಗಿಸುವ ಕೇಜ್ ತೂಗುತ್ತಿದ್ದುದು ಉಕ್ಕಿನ ಹಗ್ಗದ ಮೇಲೆ. ಆ ಹಗ್ಗ ಸುತ್ತುವ ಡ್ರಮ್ಮಿಗೆ ಬ್ರೇಕ್ ಹೇಗಿರಬೇಕು? ಬ್ರೇಕ್ ಹಾಕಲು ಕರೆಂಟ್ ಬೇಕು ಎನ್ನುವಂತಿದ್ದರೆ, ಕರೆಂಟ್ ಹೋದ ಕ್ಷಣವೇ ಕೇಜು ಪಾತಾಳಕ್ಕೆ. ಆದ್ದರಿಂದ ಆಳದ ಗಣಿಗಳ ವೈಂಡಿಂಗ್ ಯಂತ್ರಗಳಲ್ಲಿ ತಿರುವುಮುರುವು ಮಾಡಿರುತ್ತಾರೆ. ಭಾರವೋ ಸ್ಪ್ರಿಂಗೋ ಬ್ರೇಕನ್ನು ಸದಾ ಬಿಗಿಯುತ್ತಿರುತ್ತದೆ. ಅದನ್ನು ಎತ್ತಿ ಹಿಡಿದು ಬಿಡಿಸಿರುವುದು ಯಂತ್ರದ ಶಕ್ತಿ. ಶಕ್ತಿ ಹೋಯಿತೋ, ಬ್ರೇಕು ತಾನಾಗಿ ಬೀಳುತ್ತದೆ, ಕೇಜು ನಿಂತಲ್ಲೇ ನಿಲ್ಲುತ್ತದೆ.

ಬಂಗಾರಪೇಟೆಯ ರೈಲಿನವರಿಗೂ ಇದು ಹೊಸದಲ್ಲ. ಬೋಗಿಯಿಂದ ಬೋಗಿಗೆ ಹಾಯುವ ಕೊಳವೆಯಲ್ಲಿ ಗಾಳಿಯ ಒತ್ತಡ ತುಂಬಿದ್ದರೆ ಬ್ರೇಕ್ ಬಿಟ್ಟಿರುತ್ತದೆ. ಕೊಂಡಿ ಕಳಚಿಯೋ ಕೊಳವೆ ಹರಿದೋ ಗಾಳಿ ಹೋದರೆ ಬ್ರೇಕ್ ಬೀಳುತ್ತದೆ. ಬೆಮೆಲ್ ಕಾರ್ಖಾನೆ ತಯಾರಿಸುವಂಥ ಭಾರಿ ಮಣ್ಣುಯಂತ್ರಗಳಲ್ಲೂ ಸ್ಪ್ರಿಂಗ್ ಬಿಗಿದು ಎಣ್ಣೆಯ ಒತ್ತಡ ಬಿಡಿಸುವ ಪಾರ್ಕಿಂಗ್ ಬ್ರೇಕು ಸಾಮಾನ್ಯ.

ಗಣಿಗಳು ಮುಚ್ಚಿದ್ದು 2001ರ ಫೆಬ್ರುವರಿ 28ರಂದು. ಕೇಜು ಓಡಿಸಿದವರು, ಯಂತ್ರದ ಕೋಣೆಯಲ್ಲಿ ದುಡಿದವರು ಇಂದಿಗೂ ಊರಿನಲ್ಲಿದ್ದಾರೆ. ಅವರಲ್ಲಿ ಒಬ್ಬರು ಆ ಓಣಿಯಲ್ಲಿದ್ದರೆ, ಕಾರು ಕೆಟ್ಟಿದೆ ಎನ್ನುವುದಿಲ್ಲ. ಬಿಡಿಸುವ ಹಿಡಿ ಎಲ್ಲಿದೆ ಎಂದು ಹುಡುಕುತ್ತಾರೆ. ಏಕೆಂದರೆ ಶಕ್ತಿ ಹೋದಾಗ ತಾನಾಗಿ ಹಿಡಿದುಕೊಳ್ಳುವ ಯಾವ ಯಂತ್ರಕ್ಕೂ, ತಿಳಿದವನೊಬ್ಬ ನಿಧಾನವಾಗಿ ಕೈಯಿಂದ ಬಿಡಿಸುವ ಒಂದು ಏರ್ಪಾಡು ಇರಲೇಬೇಕು. ಇಲ್ಲದಿದ್ದರೆ ಆ ಯಂತ್ರವನ್ನು ರಿಪೇರಿಗೆ ಸಾಗಿಸುವುದೂ ಆಗದು.

ಮೊದಲು ಕಲ್ಲು

ಆ ಹಿಡಿಯನ್ನು ಮುಟ್ಟುವ ಮುನ್ನ ಒಂದು ಕೆಲಸವಿದೆ. ಇದನ್ನು ಬಿಟ್ಟು ಮುಂದಿನದನ್ನು ಯಾರೂ ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಚಕ್ರಕ್ಕೆ ಕಲ್ಲು ಕೊಡಿ. ಇಳಿಜಾರು ಯಾವ ಕಡೆಗಿದೆಯೋ ಆ ಕಡೆಯಿಂದ ಎರಡು ಚಕ್ರಗಳಿಗೆ ಸೈಜುಗಲ್ಲೋ ಮರದ ತುಂಡೋ ಒತ್ತಿಕೊಂಡಂತಿರಬೇಕು. ಇಟ್ಟಿಗೆ ಬೇಡ, ಭಾರಕ್ಕೆ ಪುಡಿಯಾಗುತ್ತದೆ.

ಕೆಜಿಎಫ್ ಏರಿಳಿತದ ಊರು. ಚಪ್ಪಟೆಯಾಗಿ ಕಾಣುವ ರಸ್ತೆಯಲ್ಲೂ ಕಾರು ಉರುಳುವಷ್ಟು ಇಳುಕಲು ಇರುತ್ತದೆ. ಒಂದು ಸಣ್ಣ ಕಾರೇ ಸಾವಿರ ಕಿಲೋ ಆಸುಪಾಸು ತೂಗುತ್ತದೆ. ಕೊಕ್ಕೆ ಮೇಲೆದ್ದ ಕ್ಷಣದಲ್ಲಿ ಅದರ ಕೆಳಭಾಗದಲ್ಲಿ ನಿಂತಿರುವವರು ಸಹಾಯಕ್ಕೆ ಬಂದ ನೆರೆಹೊರೆಯವರೇ. ಇಳಿಜಾರಿನ ಕೆಳಗಡೆ ಯಾರೂ ನಿಲ್ಲಬಾರದು. ತಳ್ಳುವವರು ಕೂಡ ಕಾರಿಗೂ ಗೋಡೆಗೂ ನಡುವೆ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಬೇಕು.

ಕಲ್ಲಿಟ್ಟ ಮೇಲೆ ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆಯಿರಿ. ಕೈಯಲ್ಲಿ ಎಳೆಯುವ ಹ್ಯಾಂಡ್‌ಬ್ರೇಕಿಗೆ ಬ್ಯಾಟರಿಯ ಹಂಗಿಲ್ಲ. ಡ್ರೈವರ್ ಸೀಟಿನಲ್ಲಿ ಓಡಿಸಲು ಬರುವವರೇ ಕೂರಬೇಕು, ಬಾಗಿಲಲ್ಲಿ ನಿಂತು ಕೈಚಾಚಿ ಮಾಡುವ ಕೆಲಸ ಇದಲ್ಲ. ಎಂಜಿನ್ ಓಡದಿದ್ದಾಗ ಬ್ರೇಕಿಗೆ ಸಿಗುವ ಹೆಚ್ಚುವರಿ ಒತ್ತಾಸೆ ಎರಡು ಮೂರು ಸಲ ತುಳಿದೊಡನೆ ಮುಗಿದುಹೋಗುತ್ತದೆ. ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಬ್ರೇಕ್ ಹಿಡಿಯುತ್ತದೆ, ಆದರೆ ಕಾಲಿನ ಪೂರ್ತಿ ಬಲ ಹಾಕಬೇಕು. ಸ್ಟಿಯರಿಂಗ್ ಕೂಡ ಭಾರವಾಗಿರುತ್ತದೆ.

ರಿಮೋಟ್ ಕೀ ಕೆಲಸ ಮಾಡದೆ ಬಾಗಿಲೇ ತೆರೆಯದಿದ್ದರೆ, ಆ ರಿಮೋಟಿನೊಳಗೆ ಒಂದು ಲೋಹದ ಕೀ ಅಡಗಿರುತ್ತದೆ. ಪಕ್ಕದ ಸಣ್ಣ ಗುಂಡಿ ಒತ್ತಿ ಎಳೆದರೆ ಬರುತ್ತದೆ. ಡ್ರೈವರ್ ಬಾಗಿಲಿನ ಹಿಡಿಯಲ್ಲಿ ಅದಕ್ಕೊಂದು ಕೀತೂತು ಇರುತ್ತದೆ. ಕೆಲವು ಕಾರುಗಳಲ್ಲಿ ಅದರ ಮೇಲೂ ಮುಚ್ಚಳ.

ಮುಚ್ಚಳದ ಕೆಳಗಿನ ತೂತು

ಈಗ ಲಿವರಿನ ಸುತ್ತಲಿನ ಪಟ್ಟಿಯನ್ನು ಗಮನಿಸಿ ನೋಡಿ. ‘ಪಿ’ ಅಕ್ಷರದ ಆಸುಪಾಸಿನಲ್ಲಿ ಹುಣಸೆಬೀಜದಷ್ಟೇ ದೊಡ್ಡದಾದ ಒಂದು ಪ್ಲಾಸ್ಟಿಕ್ ಮುಚ್ಚಳ ಕಾಣುತ್ತದೆ. ಒಂದು ಅಂಚಿನಲ್ಲಿ ಉಗುರು ತೂರುವಷ್ಟು ಕಚ್ಚು. ಸುತ್ತಲಿನ ಪಟ್ಟಿಯ ಬಣ್ಣವೇ ಅದಕ್ಕೂ ಇರುವುದರಿಂದ ವರ್ಷಗಟ್ಟಲೆ ಓಡಿಸಿದವರೂ ಅದನ್ನು ಗಮನಿಸಿರುವುದಿಲ್ಲ. ಟೊಯೋಟಾದ ಹಲವು ಕಾರುಗಳಲ್ಲಿ ಅಲ್ಲೇ ಇಂಗ್ಲಿಷಿನಲ್ಲಿ ‘ಶಿಫ್ಟ್ ಲಾಕ್’ ಎಂದು ಬರೆದಿರುತ್ತದೆ. ಹೋಂಡಾದ ಹಲವು ಕಾರುಗಳಲ್ಲಿ ಮುಚ್ಚಳ ತೆಗೆದು ಕಾರಿನ ಕೀಯನ್ನೇ ಆ ಸಂದಿಯೊಳಗೆ ಒತ್ತುವ ಏರ್ಪಾಡು. ಕೆಲವು ಕಾರುಗಳಲ್ಲಿ ಮುಚ್ಚಳದ ಬದಲು ಬರೀ ಒಂದು ಗುಂಡಿ, ಇನ್ನು ಕೆಲವಲ್ಲಿ ಲಿವರಿನ ಬುಡದ ತೊಗಲಿನ ಹೊದಿಕೆ ಎಬ್ಬಿಸಿದರೆ ಕಾಣುವ ಒಂದು ನಾಲಿಗೆ. ಗ್ಲೋವ್ ಬಾಕ್ಸಿನಲ್ಲಿ ಬಿಚ್ಚದೆ ಬಿದ್ದಿರುವ ಮ್ಯಾನುಯಲ್ ಪುಸ್ತಕದಲ್ಲಿ ಇದರ ಚಿತ್ರವೇ ಇರುತ್ತದೆ.

ತೆಳು ಬಾಯಿಯ ಸ್ಕ್ರೂಡ್ರೈವರಿಗೆ ಬಟ್ಟೆ ಸುತ್ತಿ ಮುಚ್ಚಳವನ್ನು ಮೆಲ್ಲಗೆ ಎಬ್ಬಿಸಿ. ಕೀ ಇರುವ ಕಾರಾದರೆ ಕೀ ಹಾಕಿ ತಿರುಗಿಸಿ, ಇಲ್ಲದಿದ್ದರೆ ಸ್ಟಿಯರಿಂಗ್ ಲಾಕ್ ಬಿಡುವುದಿಲ್ಲ. ಬಲಗಾಲಿನಿಂದ ಬ್ರೇಕ್ ತುಳಿದೇ ಇರಿ. ಒಂದು ಕೈಯಲ್ಲಿ ಸ್ಕ್ರೂಡ್ರೈವರನ್ನೋ ಇನ್ನೊಂದು ಕೀಯನ್ನೋ ತೂತಿನೊಳಗೆ ಇಟ್ಟು ಕೆಳಕ್ಕೆ ಒತ್ತಿ ಹಿಡಿಯಿರಿ. ಸ್ಪ್ರಿಂಗಿನ ಪ್ರತಿರೋಧ ಬೆರಳಿಗೆ ತಿಳಿಯುತ್ತದೆ. ಸೊಲೆನಾಯ್ಡ್ ಮಾಡಬೇಕಿದ್ದ ಕೆಲಸವನ್ನು ಈಗ ನಿಮ್ಮ ಬೆರಳು ಮಾಡುತ್ತಿದೆ, ಅಷ್ಟೇ. ಒತ್ತಿ ಹಿಡಿದಂತೆಯೇ ಇನ್ನೊಂದು ಕೈಯಲ್ಲಿ ಲಿವರಿನ ಬಟನ್ ಒತ್ತಿ ‘ಪಿ’ಯಿಂದ ಎಳೆಯಿರಿ. ನಡುವೆ ‘ಆರ್’ ಸಿಗುತ್ತದೆ. ಅಲ್ಲಿ ನಿಲ್ಲಿಸದೆ ‘ಎನ್’ಗೆ ತನ್ನಿ. ಬೆರಳು ತೆಗೆಯಬಹುದು.

ಕಾರು ಏರಿನಲ್ಲಿ ನಿಂತಿದ್ದರೆ ಅಗುಳಿ ಬಿಟ್ಟರೂ ಲಿವರ್ ಬಿಗಿಯಾಗಿರಬಹುದು. ಇಡೀ ಕಾರಿನ ಭಾರ ಗೇರ್‌ಬಾಕ್ಸಿನೊಳಗಿನ ಆ ಉಕ್ಕಿನ ಕೊಕ್ಕೆಯ ಮೇಲೆ ಕೂತಿರುವುದರಿಂದ ಹಾಗಾಗುತ್ತದೆ. ಇಬ್ಬರು ಕಾರಿನ ಪಕ್ಕಗಳಲ್ಲಿ ನಿಂತು, ಅದನ್ನು ಏರಿನ ಕಡೆಗೆ ಒಂದಿಷ್ಟು ಒತ್ತಿ ಹಿಡಿದರೆ ಭಾರ ಇಳಿದು ಲಿವರ್ ಸಲೀಸಾಗಿ ಬರುತ್ತದೆ. ಹೀಗಾಗದಿರಲು ನಿಲ್ಲಿಸುವಾಗಲೇ ಒಂದು ಅಭ್ಯಾಸ ಬೇಕು. ಬ್ರೇಕ್ ಮೇಲೆ ಕಾಲಿಟ್ಟು ಮೊದಲು ‘ಎನ್’, ಆಮೇಲೆ ಹ್ಯಾಂಡ್‌ಬ್ರೇಕ್, ಕಾಲು ಸಡಿಲಿಸಿ ಕಾರು ಹ್ಯಾಂಡ್‌ಬ್ರೇಕಿನ ಮೇಲೆ ನಿಂತದ್ದು ಖಾತ್ರಿಯಾದ ಮೇಲೆ ‘ಪಿ’. ನಮ್ಮಲ್ಲಿ ಬಹಳ ಜನ ‘ಪಿ’ಗೆ ಹಾಕಿ ಹ್ಯಾಂಡ್‌ಬ್ರೇಕನ್ನೇ ಮರೆಯುತ್ತಾರೆ. ಬೆರಳುದ್ದದ ಕೊಕ್ಕೆಗೆ ಅಷ್ಟು ಭಾರ ಹೊರಿಸುವುದು ಸರಿಯಲ್ಲ.

ಇನ್ನು ತಳ್ಳುವುದು. ಹ್ಯಾಂಡ್‌ಬ್ರೇಕ್ ಇಳಿಸುವ ಮುನ್ನ ಒಳಗಿನವರ ಕಾಲು ಬ್ರೇಕ್ ಮೇಲಿರಬೇಕು. ಕಲ್ಲು ತೆಗೆದವರು ಪಕ್ಕಕ್ಕೆ ಸರಿಯಬೇಕು. ನಡಿಗೆಯ ವೇಗಕ್ಕಿಂತ ಹೆಚ್ಚಾಗಬಾರದು. ಜಾಗ ಸೇರಿದೊಡನೆ ಹ್ಯಾಂಡ್‌ಬ್ರೇಕ್ ಎಳೆದು ‘ಪಿ’ಗೆ ಹಾಕಿ, ಮತ್ತೆ ಕಲ್ಲು ಕೊಡಿ.

ಇನ್ನೊಂದು ಮಾತು. ಮೀಟರಿನ ದೀಪ ಮಂಕಾಗಿಯಾದರೂ ಹತ್ತುತ್ತಿದ್ದರೆ ಇಷ್ಟೆಲ್ಲ ಬೇಕಾಗದೆ ಇರಬಹುದು. ಸ್ಟಾರ್ಟರ್ ಮೋಟಾರಿಗೆ ನೂರಕ್ಕೂ ಹೆಚ್ಚು ಆಂಪಿಯರ್ ಬೇಕು. ಲಿವರಿನ ಸೊಲೆನಾಯ್ಡಿಗೆ ಸಣ್ಣ ಬಲ್ಬಿಗೆ ಬೇಕಾದಷ್ಟು ಸಾಕು. ಎಂಜಿನ್ ಎಬ್ಬಿಸಲಾಗದ ಬ್ಯಾಟರಿ ಎಷ್ಟೋ ಸಲ ಬೀಗ ತೆರೆಯಬಲ್ಲದು. ಆದ್ದರಿಂದ ಸೆಲ್ಫ್ ಹೊಡೆದು ಹೊಡೆದು ಉಳಿದದ್ದನ್ನೂ ಖಾಲಿ ಮಾಡುವ ಮುನ್ನ ಇಗ್ನಿಷನ್ ಆನ್ ಮಾಡಿ, ಬ್ರೇಕ್ ತುಳಿದು, ಲಿವರ್ ಎಳೆದು ನೋಡಿ.

‘ಪಿ’ಯೇ ಇಲ್ಲದ ಕಾರುಗಳು

ನಮ್ಮ ದೇಶದಲ್ಲಿ ಈ ವಿಷಯಕ್ಕೆ ಒಂದು ದೊಡ್ಡ ತಿರುವಿದೆ. 2014ರಲ್ಲಿ ಮಾರುತಿ ಸೆಲೆರಿಯೊ ಬಂದಾಗ ಅಗ್ಗದ ಆಟೊಮ್ಯಾಟಿಕ್ ಯುಗ ಶುರುವಾಯಿತು. ಅದರದ್ದು ಎಎಂಟಿ ಗೇರ್‌ಬಾಕ್ಸು. ಒಳಗಿರುವುದು ಮಾಮೂಲಿ ಮ್ಯಾನುಯಲ್ ಗೇರು, ಮಾಮೂಲಿ ಕ್ಲಚ್ಚು. ಅವನ್ನು ಒತ್ತುವುದು, ಬದಲಿಸುವುದು ಮಾತ್ರ ನಮ್ಮ ಕೈಕಾಲಲ್ಲ, ಕಂಪ್ಯೂಟರಿನ ಮಾತು ಕೇಳುವ ಒಂದು ಯಂತ್ರ. ವ್ಯಾಗನ್‌ಆರ್, ಡಿಜೈರ್, ಟಿಯಾಗೊ, ಕ್ವಿಡ್ ಹೀಗೆ ಸಣ್ಣ ಕಾರುಗಳಲ್ಲಿ ಇದೇ ಹೆಚ್ಚು. ಕೋಲಾರ ಜಿಲ್ಲೆಯ ರಸ್ತೆಗಳಲ್ಲಿ ‘ಆಟೊಮ್ಯಾಟಿಕ್’ ಎಂದು ಓಡಾಡುವ ಸಣ್ಣ ಕಾರನ್ನು ನಿಲ್ಲಿಸಿ ನೋಡಿದರೆ ಅದರ ಲಿವರಿನ ಬಳಿ ಬಹುಮಟ್ಟಿಗೆ ‘ಪಿ’ ಅಕ್ಷರವೇ ಇರುವುದಿಲ್ಲ.

ಈ ಕಾರುಗಳಲ್ಲಿ ಮುಚ್ಚಳ ಹುಡುಕಿ ಫಲವಿಲ್ಲ. ಲಿವರ್ ಇಲ್ಲಿ ಬರೀ ಒಂದು ಸ್ವಿಚ್ಚು. ಬ್ಯಾಟರಿ ಹೋದ ಮೇಲೆ ಲಿವರನ್ನು ‘ಎನ್’ಗೆ ತಂದರೂ ಒಳಗಿನ ಗೇರು ಹಾಗೇ ಇರುತ್ತದೆ, ಕ್ಲಚ್ಚೂ ಹಿಡಿದೇ ಇರುತ್ತದೆ. ಲಿವರ್ ಸಲೀಸಾಗಿ ಬಂದದ್ದು ಕಂಡು ‘ನ್ಯೂಟ್ರಲ್ ಆಯ್ತು’ ಎಂದುಕೊಂಡು ತಳ್ಳಿದರೆ ಎಂಜಿನ್ನನ್ನೇ ತಳ್ಳಿದಂತೆ. ಗೇರಿನಲ್ಲಿ ನಿಲ್ಲಿಸಿದ್ದರೆ ಗೇರಿನಲ್ಲೇ ಸಿಕ್ಕಿಬಿತ್ತು. ನ್ಯೂಟ್ರಲ್ಲಿನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಹಾಕಿ ನಿಲ್ಲಿಸಿದ್ದರೆ ಹ್ಯಾಂಡ್‌ಬ್ರೇಕ್ ಇಳಿಸಿದ ಕೂಡಲೇ ಉರುಳುತ್ತದೆ. ಮೊದಲನೆಯ ಸ್ಥಿತಿಯಲ್ಲಿ ಇರುವ ಮಾರ್ಗ ಎರಡೇ. ಹೊರಗಿನಿಂದ ಕರೆಂಟ್ ಕೊಡುವುದು, ಇಲ್ಲವೇ ಮುಂದಿನ ಚಕ್ರಗಳನ್ನು ನೆಲದಿಂದ ಎತ್ತಿ ಸಾಗಿಸುವುದು.

ಲಿವರೇ ಇಲ್ಲದ ಕಾರುಗಳದ್ದು ಮೂರನೆಯ ಗುಂಪು. ತಿರುಗಿಸುವ ಗುಂಡಿ, ಒತ್ತುವ ಬಟನ್ನು, ಸ್ಟಿಯರಿಂಗ್ ಹಿಂದಿನ ಸಣ್ಣ ಕಡ್ಡಿ, ಹೀಗೆ ಏನಾದರೂ ಇದ್ದು, ಅಲ್ಲಿಂದ ಗೇರ್‌ಬಾಕ್ಸಿಗೆ ಹೋಗುವುದು ಕೇಬಲ್ ಅಲ್ಲ, ವಿದ್ಯುತ್ ಸಂಕೇತ. ನೆಕ್ಸಾನ್ ಇವಿಯಂಥ ಎಲೆಕ್ಟ್ರಿಕ್ ಕಾರುಗಳೂ ಇದರಲ್ಲಿ ಸೇರುತ್ತವೆ. ‘ಅಷ್ಟು ದೊಡ್ಡ ಬ್ಯಾಟರಿ ಇದ್ದೂ ಡೌನ್ ಆಗುವುದೇ?’ ಎಂದು ಕೇಳುವವರಿದ್ದಾರೆ. ಆಗುತ್ತದೆ. ಕಾರು ಓಡಿಸುವ ದೊಡ್ಡ ಬ್ಯಾಟರಿ ಬೇರೆ. ಬೀಗ, ದೀಪ, ಕಂಪ್ಯೂಟರುಗಳನ್ನು ಎಬ್ಬಿಸುವ 12 ವೋಲ್ಟಿನ ಸಣ್ಣ ಬ್ಯಾಟರಿ ಬೇರೆ. ಸಣ್ಣದು ಮಲಗಿದರೆ ದೊಡ್ಡದರ ಬಾಗಿಲು ತೆರೆಯುವವರಿಲ್ಲ. ಬೆರಳಿನಲ್ಲಿ ಎತ್ತುವ ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕಿನದ್ದೂ ಅದೇ ಕಥೆ. ಅದನ್ನು ಬಿಗಿಯುವುದೂ ಬಿಡಿಸುವುದೂ ಚಕ್ರದ ಬಳಿಯ ಮೋಟಾರು, ಕರೆಂಟಿಲ್ಲದೆ ಬಿಡದು. ಇಂಥ ಕಾರುಗಳಿಗೆ ಸುಲಭ ಉಪಾಯ ಒಂದೇ, ಜಂಪ್ ಸ್ಟಾರ್ಟ್.

ಕರೆಂಟ್ ಸಾಲ ಪಡೆಯುವುದು

ಜಂಪ್ ಸ್ಟಾರ್ಟ್ ಎಂದರೆ ಇನ್ನೊಂದು ಕಾರಿನ ಬ್ಯಾಟರಿಯಿಂದ ಒಂದಿಷ್ಟು ಹೊತ್ತು ಕರೆಂಟ್ ಸಾಲ ಪಡೆಯುವುದು. ಜಂಪ್ ಕೇಬಲ್ ಮನೆಯಲ್ಲಿದ್ದರೆ ಲಿವರಿನ ಗೊಡವೆಯೇ ಬೇಡ, ಬೀಗವೂ ತೆರೆಯುತ್ತದೆ, ಎಂಜಿನ್ನೂ ಏಳುತ್ತದೆ.

ಕೆಂಪು ಕ್ಲಿಪ್ಪಿನ ಒಂದು ತುದಿ ಡೌನ್ ಆದ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ತುದಿ ಸರಿಯಿರುವ ಬ್ಯಾಟರಿಯ ಪ್ಲಸ್ಸಿಗೆ. ಕಪ್ಪು ಕ್ಲಿಪ್ಪಿನ ಒಂದು ತುದಿ ಸರಿಯಿರುವ ಬ್ಯಾಟರಿಯ ಮೈನಸ್ಸಿಗೆ. ಕೊನೆಯ ತುದಿಯನ್ನು ಮಾತ್ರ ಡೌನ್ ಆದ ಬ್ಯಾಟರಿಗೆ ಕಚ್ಚಿಸಬೇಡಿ. ಬ್ಯಾಟರಿಯಿಂದ ದೂರ, ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಕಚ್ಚಿಸಿ. ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಹೊರಬರುವುದುಂಟು, ಕೊನೆಯ ಜೋಡಣೆಯ ಕಿಡಿ ಅದರ ಹತ್ತಿರ ಹಾರಬಾರದು. ಸರಿಯಿರುವ ಕಾರನ್ನು ಕೆಲವು ನಿಮಿಷ ಓಡಲು ಬಿಟ್ಟು ಆಮೇಲೆ ಇದನ್ನು ಸ್ಟಾರ್ಟ್ ಮಾಡಿ. ಬಿಚ್ಚುವಾಗ ಹಾಕಿದ್ದರ ಹಿಂದುಮುಂದಾದ ಕ್ರಮ.

ಓಣಿಯ ಬಾಯಲ್ಲಿ ನಿಂತ ನೀರಿನ ಟ್ಯಾಂಕರಿನಿಂದ ಕರೆಂಟ್ ತೆಗೆದುಕೊಳ್ಳೋಣ ಎಂದು ಯಾರಾದರೂ ಹೇಳಿದರೆ ಕೂಡಲೇ ಬೇಡ ಎನ್ನಿ. ದೊಡ್ಡ ಲಾರಿ, ಬಸ್ಸು, ಮಣ್ಣುಯಂತ್ರಗಳಲ್ಲಿ ಎರಡು ಬ್ಯಾಟರಿ ಜೋಡಿಸಿ 24 ವೋಲ್ಟ್ ಮಾಡಿರುತ್ತಾರೆ. ಕಾರಿನದ್ದು 12. ಆ 24 ವೋಲ್ಟ್ ಕಾರಿಗೆ ನುಗ್ಗಿದರೆ ಒಳಗಿನ ಕಂಪ್ಯೂಟರುಗಳೇ ಸುಟ್ಟುಹೋಗಬಹುದು.

ಕೇಬಲ್ ಇಲ್ಲದೆ, ‘ತಳ್ಳಿ ಸ್ಟಾರ್ಟ್ ಮಾಡೋಣ’ ಎಂಬ ಹಳೆಯ ವಿದ್ಯೆ ಆಟೊಮ್ಯಾಟಿಕ್‌ಗೆ ನಡೆಯದು. ಮ್ಯಾನುಯಲ್ ಕಾರಿನಲ್ಲಿ ಕ್ಲಚ್ ಬಿಟ್ಟೊಡನೆ ಚಕ್ರದ ತಿರುಗು ನೇರವಾಗಿ ಎಂಜಿನ್ನಿಗೆ ಹೋಗುತ್ತದೆ. ಆಟೊಮ್ಯಾಟಿಕ್‌ನಲ್ಲಿ ಗೇರು ಹಿಡಿಯಬೇಕಾದರೆ ಎಣ್ಣೆಯ ಒತ್ತಡ ಬೇಕು, ಆ ಒತ್ತಡ ಕೊಡುವ ಪಂಪು ತಿರುಗಬೇಕಾದರೆ ಎಂಜಿನ್ನೇ ಓಡಬೇಕು. ಎಎಂಟಿಯಲ್ಲೂ ಕ್ಲಚ್ ಬಿಡಿಸುವ ಪಂಪಿಗೆ ಕರೆಂಟ್ ಬೇಕು. ಓಣಿಯ ಹುಡುಗರು ಎಷ್ಟು ದೂರ ತಳ್ಳಿದರೂ ಎಂಜಿನ್ ಏಳುವುದಿಲ್ಲ.

ಹಗ್ಗ ಕಟ್ಟಿ ಎಳೆಯುವವರಿಗೆ

ನ್ಯೂಟ್ರಲ್‌ಗೆ ಬಂತು ಎಂದು ಹಗ್ಗ ಕಟ್ಟಿ ಬೇತಮಂಗಲದಿಂದಲೋ ಬಂಗಾರಪೇಟೆಯಿಂದಲೋ ಕೋಲಾರದ ಸರ್ವಿಸ್ ಸೆಂಟರಿನವರೆಗೆ ಎಳೆದುಕೊಂಡು ಹೋಗುವುದು ಮ್ಯಾನುಯಲ್ ಕಾರಿನ ರೂಢಿ. ಆಟೊಮ್ಯಾಟಿಕ್ ಕಾರಿಗೆ ಇದು ಗಂಡಾಂತರ. ಅದೇ ಎಣ್ಣೆ ಪಂಪಿನ ಮಾತು ಇಲ್ಲಿಯೂ ಬರುತ್ತದೆ. ಎಂಜಿನ್ ಓಡದೆ ಚಕ್ರ ಮಾತ್ರ ತಿರುಗಿದರೆ ಗೇರ್‌ಬಾಕ್ಸಿನ ಭಾಗಗಳಿಗೆ ಎಣ್ಣೆ ತಲುಪುವುದಿಲ್ಲ. ಒಣಗಿದ ಲೋಹ ಲೋಹಕ್ಕೆ ಉಜ್ಜಿ ಬಿಸಿಯಾಗುತ್ತದೆ. ಬ್ಯಾಟರಿಯ ಖರ್ಚಿನಲ್ಲಿ ಮುಗಿಯಬೇಕಿದ್ದದ್ದು ಗೇರ್‌ಬಾಕ್ಸಿನ ಖರ್ಚಾಗುತ್ತದೆ.

ಕಡಿಮೆ ವೇಗದಲ್ಲಿ ಕಡಿಮೆ ದೂರ ಎಳೆಯಬಹುದು ಎಂದು ಕೆಲವು ಕಾರುಗಳ ಪುಸ್ತಕ ಹೇಳುತ್ತದೆ, ಕೂಡದೇ ಕೂಡದು ಎಂದು ಇನ್ನು ಕೆಲವು. ಎಲೆಕ್ಟ್ರಿಕ್ ಕಾರಿನ ಚಕ್ರ ತಿರುಗಿದರೆ ಮೋಟಾರು ತಾನೇ ವಿದ್ಯುತ್ ಹುಟ್ಟಿಸುವುದರಿಂದ ಅದನ್ನಂತೂ ನೆಲದ ಮೇಲೆ ಎಳೆಯಲೇಬಾರದು. ನಾಲ್ಕೂ ಚಕ್ರ ಮೇಲೇರುವ ಚಪ್ಪಟೆ ಟ್ರಕ್ಕು ತರಿಸುವುದೇ ಒಳ್ಳೆಯದು. ಓಣಿಯ ಬಾಯಿಂದ ಪಕ್ಕಕ್ಕೆ ಸರಿಸಲು ನ್ಯೂಟ್ರಲ್ ಸಾಕು, ಊರಿಂದೂರಿಗೆ ಸಾಗಿಸಲು ಅಲ್ಲ.

ನಿಂತಲ್ಲೇ ಬರಿದಾಗುವ ಬ್ಯಾಟರಿ

ಇಷ್ಟಕ್ಕೂ ಬ್ಯಾಟರಿ ಡೌನ್ ಆದದ್ದೇಕೆ? ನಿಲ್ಲಿಸಿಟ್ಟ ಕಾರು ಪೂರ್ತಿ ಮಲಗುವುದಿಲ್ಲ. ಗಡಿಯಾರ, ಕಳ್ಳರ ಅಲಾರಂ, ರಿಮೋಟಿನ ಕರೆಗೆ ಕಿವಿಗೊಟ್ಟಿರುವ ಯಂತ್ರ ಇವೆಲ್ಲ ಹನಿಹನಿಯಾಗಿ ಕರೆಂಟ್ ಕುಡಿಯುತ್ತಿರುತ್ತವೆ. ಅದು 50 ಮಿಲಿಆಂಪಿಯರ್ ಎಂದಿಟ್ಟುಕೊಂಡರೆ ದಿನಕ್ಕೆ 1.2 ಆಂಪಿಯರ್-ಅವರ್, ಮೂರು ವಾರಕ್ಕೆ 25. ಸಣ್ಣ ಕಾರಿನ ಬ್ಯಾಟರಿಯ ಒಟ್ಟು ಸಾಮರ್ಥ್ಯವೇ 35ರ ಆಸುಪಾಸು. ಹೊರಗಿನಿಂದ ಹಾಕಿಸಿದ ಕ್ಯಾಮೆರಾ, ಜಿಪಿಎಸ್ ಇದ್ದರೆ ಲೆಕ್ಕ ಇನ್ನೂ ಬೇಗ ಮುಗಿಯುತ್ತದೆ. ಜೊತೆಗೆ ಬ್ಯಾಟರಿಗೆ ಮೂರು ನಾಲ್ಕು ವರ್ಷ ವಯಸ್ಸಾಗಿದ್ದರೆ ಕೇಳುವುದೇ ಬೇಡ.

ದುಡಿಯುವ ಮಕ್ಕಳು ಬೆಂಗಳೂರಿನಲ್ಲಿ, ಕಾರು ಊರಿನಲ್ಲಿ ಎಂಬಂತಿರುವ ಮನೆಗಳು ಕೆಜಿಎಫ್‌ನಲ್ಲಿ ಸಾಕಷ್ಟಿವೆ. ದಿನವೂ ರೈಲಿನಲ್ಲಿ ಹೋಗಿಬರುವವರ ಕಾರೂ ಭಾನುವಾರಕ್ಕಷ್ಟೇ ಹೊರಬರುತ್ತದೆ. ಮನೆಮುಂದೆಯೇ ಐದು ನಿಮಿಷ ಎಂಜಿನ್ ಓಡಿಸಿ ಆರಿಸಿದರೆ ಸ್ಟಾರ್ಟ್ ಮಾಡಲು ಖರ್ಚಾದದ್ದೂ ವಾಪಸ್ ಬರುವುದಿಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆಯಾದರೂ ರಸ್ತೆಯಲ್ಲಿ ಓಡಬೇಕು. ರಾಬರ್ಟ್‌ಸನ್‌ಪೇಟೆಯಿಂದ ಬಂಗಾರಪೇಟೆಗೆ ಹೋಗಿ, ನೀರಿನಂತೆ ತಿಳಿಯಾದ ಪಾನಿಯ ಪಾನಿಪೂರಿ ತಿಂದು ಬರುವಷ್ಟು ಓಟ ಸರಿಹೋಗುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಬ್ಯಾಟರಿಯ ಮೈನಸ್ ತಂತಿ ಬಿಚ್ಚಿಡಿಸುವುದು ಉತ್ತಮ.

ಕಾರು ಮಾರುವ ದಿನ ಹೂಮಾಲೆ ಹಾಕಿ, ಕೀ ಕೊಟ್ಟು, ಫೋಟೋ ತೆಗೆಯುತ್ತಾರೆ. ಹಾಡು ಹಾಕುವುದು, ಫೋನ್ ಜೋಡಿಸುವುದು ಎಲ್ಲ ತೋರಿಸುತ್ತಾರೆ. ಆ ಮುಚ್ಚಳವನ್ನು ತೋರಿಸುವವರು ಕಡಿಮೆ. ಒಂದು ನಿಮಿಷದ ಕೆಲಸ. ಕೊಳ್ಳುವವರೇ ಕೇಳಿ ತೋರಿಸಿಕೊಳ್ಳಬೇಕು. ಈಗಾಗಲೇ ಕೊಂಡವರು ಹಗಲು ಹೊತ್ತಿನಲ್ಲಿ, ಬ್ಯಾಟರಿ ಸರಿಯಿರುವಾಗಲೇ, ಸಮತಟ್ಟಾದ ಜಾಗದಲ್ಲಿ ಕಲ್ಲು ಕೊಟ್ಟು ಒಮ್ಮೆ ಮಾಡಿ ನೋಡಬೇಕು. ಮನೆಯಲ್ಲಿ ಕಾರು ಓಡಿಸುವ ಪ್ರತಿಯೊಬ್ಬರಿಗೂ ತೋರಿಸಬೇಕು. ಮಗ ಊರಿಗೆ ಬಂದಾಗ ಅಪ್ಪನಿಗೆ ತೋರಿಸಿ ಹೋದರೆ, ಟ್ಯಾಂಕರ್ ಬಂದ ಬೆಳಿಗ್ಗೆ ಬೆಂಗಳೂರಿಗೆ ಫೋನ್ ಮಾಡುವ ಪ್ರಮೇಯ ಬರುವುದಿಲ್ಲ.

ಬ್ಯಾಟರಿ ಬದಲಾದ ಮೇಲೆ

ಹೊಸ ಬ್ಯಾಟರಿ ಕೂತ ಮೇಲೆ ಮುಚ್ಚಳವನ್ನು ಮರೆಯದೆ ವಾಪಸ್ ಹಾಕಿ. ತೆರೆದಿಟ್ಟ ತೂತಿನೊಳಗೆ ಚಿಲ್ಲರೆ ಕಾಸು, ಬಿಸ್ಕತ್ತಿನ ಪುಡಿ ಬಿದ್ದು ಅಗುಳಿ ಸಿಕ್ಕಿಕೊಳ್ಳುತ್ತದೆ.

ಬ್ಯಾಟರಿ ಸರಿಯಿದ್ದೂ ಲಿವರ್ ‘ಪಿ’ಯಿಂದ ಬರುತ್ತಿಲ್ಲವೆಂದರೆ ಯಾರನ್ನಾದರೂ ಹಿಂದೆ ನಿಲ್ಲಿಸಿ ಬ್ರೇಕ್ ತುಳಿದು ನೋಡಿ. ಹಿಂದಿನ ಕೆಂಪು ದೀಪಗಳು ಒಂದೂ ಹತ್ತದಿದ್ದರೆ ತಪ್ಪು ಬಹುಶಃ ಬ್ರೇಕ್ ಪೆಡಲಿನ ಸ್ವಿಚ್ಚಿನದ್ದೋ ಫ್ಯೂಸಿನದ್ದೋ. ಕಾಲು ಬ್ರೇಕ್ ಮೇಲಿದೆ ಎಂಬ ಸುದ್ದಿ ಬೀಗಕ್ಕೆ ಮುಟ್ಟುತ್ತಿಲ್ಲ. ಸಣ್ಣ ರಿಪೇರಿ, ಆದರೆ ತಡಮಾಡಬಾರದು. ಹಿಂದಿನ ಲಾರಿಯವನಿಗೂ ನೀವು ಬ್ರೇಕ್ ಹಾಕಿದ್ದು ತಿಳಿಯುವುದಿಲ್ಲ.

ಕಡೆಯದಾಗಿ ಬೀಗವನ್ನೇ ಪರೀಕ್ಷಿಸಿ. ಹ್ಯಾಂಡ್‌ಬ್ರೇಕ್ ಹಾಕಿ, ಇಗ್ನಿಷನ್ ಆನ್ ಮಾಡಿ, ಬ್ರೇಕ್ ಪೆಡಲನ್ನು ಮುಟ್ಟದೆ ಲಿವರ್ ಎಳೆಯಿರಿ. ಬರಬಾರದು. ಬಂದರೆ, ಅವತ್ತು ಓಣಿಯಲ್ಲಿ ಲಿವರನ್ನು ಎಳೆದಾಡಿದಾಗಲೇ ಅಗುಳಿ ಮುರಿದಿರಬಹುದು. ಕಾರು ಚೆನ್ನಾಗಿಯೇ ಓಡುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಅದು ಸರಿಯಾಗುವವರೆಗೆ ಮಕ್ಕಳನ್ನು ಒಳಗೆ ಕೂರಿಸಿ ಅಂಗಡಿಗೆ ಇಳಿಯಬೇಡಿ, ಒಂದು ನಿಮಿಷಕ್ಕೂ ಬೇಡ. ಅದೇ ದಿನ ಗ್ಯಾರೇಜಿಗೆ ತೆಗೆದುಕೊಂಡು ಹೋಗಿ.